ಬೈಲುಗದ್ದೆಗೆ ಮಣ್ಣು ತುಂಬುವ ಮೊದಲು

ಕಲ್ಯಾಣಪುರ
ಬಿಸು ಕಳೆದ ಮರುವಾರ

ಪ್ರೀತಿಯ ತಮ್ಮನಿಗೆ,

ಇಲ್ಲಿ ನಾನೂ ಅಮ್ಮನೂ ಕ್ಷೇಮ. ಅಮ್ಮನ ಮೊಣಕಾಲು ನೋವು ಈಗ ಸ್ವಲ್ಪ ಕಡಿಮೆ ಉಂಟು. ಸೆಖೆ ಮಾತ್ರ ತಡೆಯಲಾಗದಷ್ಟು. ಮಸ್ಕತ್ತಿನಲ್ಲಿ ನಿಮಗೆ ಇನ್ನೂ ಹೆಚ್ಚಿರಬಹುದು, ಮಕ್ಕಳನ್ನು ಮಧ್ಯಾಹ್ನದ ಹೊತ್ತು ಹೊರಗೆ ಬಿಡಬೇಡಿ.

ಬೈಲುಗದ್ದೆಗೆ ಒಳ್ಳೆಯ ರೇಟು ಬಂದಿದೆ, ಏನು ಹೇಳುತ್ತೀ ಅಕ್ಕ ಎಂದು ನೀನು ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೆ ಅಲ್ಲಿಯೇ ಉತ್ತರ ಹೇಳಿ ಮುಗಿಸುವ ಮನಸ್ಸಾಗಲಿಲ್ಲ. ಇದು ಎರಡು ಮಾತಿನಲ್ಲಿ ಮುಗಿಯುವ ವಿಷಯವಲ್ಲ. ಅಪ್ಪ ಹೋದ ಮೇಲೆ ಆ ಒಂದೂಕಾಲು ಎಕರೆಯ ಆರ್‌ಟಿಸಿಯಲ್ಲಿ ನನ್ನ ಹೆಸರೂ ನಿನ್ನ ಹೆಸರೂ ಒಟ್ಟಿಗೆ ಬಂದವು. ನನ್ನ ಮನಸ್ಸಿನಲ್ಲಿರುವುದೆಲ್ಲ ನಿನಗೆ ಗೊತ್ತಾಗಬೇಕು. ಅದಕ್ಕಾಗಿ ಈ ಕಾಗದ.

ದಲ್ಲಾಳಿ ಕೊಟ್ಟ ನಕ್ಷೆಯನ್ನು ನೀನು ವಾಟ್ಸ್ಯಾಪಿನಲ್ಲಿ ಕಳಿಸಿದ್ದನ್ನು ದೊಡ್ಡದು ಮಾಡಿ ನೋಡಿದೆ. ನಡುವೆ ರಸ್ತೆ, ಎರಡೂ ಬದಿಗೆ ಐದೈದು ಸೆಂಟ್ಸಿನ ಸೈಟುಗಳು, ಮೂಲೆಯಲ್ಲಿ ಒಂದು ಚಿಕ್ಕ ಪಾರ್ಕು. ಇಡೀ ಗದ್ದೆಯನ್ನು ಮೇಲಿನ ರಸ್ತೆಯ ಮಟ್ಟಕ್ಕೆ ಎತ್ತರಿಸಬೇಕು ಎಂದು ಕೆಳಗೆ ಬರೆದಿದ್ದಾರೆ. ತೋಡು ಎಲ್ಲಿ ಹೋಯಿತು ಎಂದು ಹುಡುಕಿದೆ. ಮೇಲಿನ ಗುಡ್ಡದಿಂದ ಇಳಿದು, ನಮ್ಮ ಗದ್ದೆಯ ಅಂಚಿನಲ್ಲೇ ಹಾದು, ಸ್ವರ್ಣಾ ಹೊಳೆಗೆ ಸೇರುವ ಆ ತೋಡು ನಕ್ಷೆಯಲ್ಲಿ ಎಲ್ಲಿಯೂ ಇಲ್ಲ.

ಊರು ಬೆಳೆಯಬಾರದು ಎಂದು ನಾನು ಹೇಳುವವಳಲ್ಲ. ಬೆಳೆದದ್ದರಿಂದಲೇ ನಮಗೆ ಒಳ್ಳೆಯದಾಯಿತು. 1953ರಲ್ಲಿ ಮಣಿಪಾಲದ ಆ ಬೋಳು ಗುಡ್ಡದ ಮೇಲೆ ಟಿ.ಎಂ.ಎ. ಪೈಗಳು ಮೆಡಿಕಲ್ ಕಾಲೇಜು ಕಟ್ಟದೆ ಇರುತ್ತಿದ್ದರೆ ಅಪ್ಪನ ಹೃದಯದ ಆಪರೇಷನ್ನಿಗೆ ನಾವು ಎಲ್ಲಿಗೆ ಓಡಬೇಕಿತ್ತು ಹೇಳು. 1993ರಲ್ಲಿ ಮಂಗಳೂರಿನಿಂದ ಉಡುಪಿಯವರೆಗೆ ರೈಲು ಬಂತು, 1997ರಲ್ಲಿ ನಮ್ಮದೇ ಜಿಲ್ಲೆಯಾಯಿತು, 1998ರಲ್ಲಿ ಕೊಂಕಣ ರೈಲು ಮುಂಬಯಿಯವರೆಗೆ ಓಡಿತು. ಅಲ್ಲಿ ಹೋಟೆಲಿನಲ್ಲಿದ್ದ ದೊಡ್ಡಪ್ಪ ರಾತ್ರಿ ಹತ್ತಿ ಬೆಳಗ್ಗೆ ಇಂದ್ರಾಳಿಯ ಸ್ಟೇಷನ್ನಿನಲ್ಲಿ ಇಳಿದ ದಿನ ಮನೆಯಲ್ಲಿ ಹಬ್ಬವೇ ಆಗಿತ್ತು. ಆಮೇಲೆ ಹೆದ್ದಾರಿ ನಾಲ್ಕು ಪಥವಾಯಿತು. ಇದರಲ್ಲಿ ಯಾವುದನ್ನೂ ನಾನು ಬೇಡ ಅನ್ನುವುದಿಲ್ಲ. ಆದರೆ ಊರು ಬೆಳೆಯುವುದು ಒಂದು, ಮನೆಗಳು ಏಳುವುದು ಇನ್ನೊಂದು. ಎರಡೂ ಒಂದೇ ಎಂದು ನಾವೆಲ್ಲ ನಂಬಿಬಿಟ್ಟಿದ್ದೇವೆ.

ಶಾಲೆಯಲ್ಲಿ ಟೀಚರಾಗಿದ್ದಾಗ ನಾನು 2001ರಲ್ಲೂ 2011ರಲ್ಲೂ ಜನಗಣತಿಗೆ ಹೋದದ್ದು ನಿನಗೆ ನೆನಪಿರಬಹುದು. ಮೊದಲು ಮನೆಪಟ್ಟಿ, ಆಮೇಲೆ ತಲೆ ಎಣಿಕೆ. 2001ರಲ್ಲಿ ನಮ್ಮ ಜಿಲ್ಲೆಯಲ್ಲಿ 11,12,243 ಜನ ಇದ್ದರು. ಹತ್ತು ವರ್ಷ ಕಳೆದು ಎಣಿಸಿದಾಗ 11,77,361. ನೂರಕ್ಕೆ ಆರರಷ್ಟೂ ಹೆಚ್ಚಾಗಲಿಲ್ಲ. ಅದೇ ಹತ್ತು ವರ್ಷಗಳಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ಬೆಳೆದಿತ್ತು. ನಮ್ಮಲ್ಲಿ ಹುಟ್ಟುವವರು ಕಡಿಮೆ, ಹೊರಗೆ ಹೋಗುವವರು ಹೆಚ್ಚು. 2011ರ ಲೆಕ್ಕದಲ್ಲಿ 1,000 ಗಂಡಸರಿಗೆ 1,094 ಹೆಂಗಸರು ಇದ್ದರು. ಉಳಿದ ಗಂಡಸರು ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ, ನಿನ್ನ ಹಾಗೆ ಕೊಲ್ಲಿಯಲ್ಲಿ.

ಇಷ್ಟಾದರೂ ಮನೆಪಟ್ಟಿಯ ಪುಸ್ತಕ ಮಾತ್ರ ದಪ್ಪವಾಗುತ್ತ ಹೋಯಿತು. ಗೇಟಿಗೆ ಬೀಗ, ಅಂಗಳದಲ್ಲಿ ಒಣಗಿದ ಎಲೆ, ಪಕ್ಕದ ಮನೆಯವರನ್ನು ಕೇಳಿದರೆ "ಅವರು ದುಬೈಯಲ್ಲಿ ಟೀಚರ್, ಎರಡು ವರ್ಷಕ್ಕೊಮ್ಮೆ ಬರುತ್ತಾರೆ" ಎಂಬ ಉತ್ತರ. ಇನ್ನು ಕೆಲವು ಮನೆಗಳಲ್ಲಿ ಮುದುಕಿಯೊಬ್ಬಳೇ, ಆರು ಕೋಣೆಗಳಿಗೆ. ಮಗ ಕಟ್ಟಿಸಿದ ಮನೆ ಎಂದು ಹೆಮ್ಮೆಯಿಂದ ಒಳಗೆ ಕರೆದು, ಚಾ ಕೊಟ್ಟು, ಮಾತಾಡುತ್ತ ಮಾತಾಡುತ್ತ ನನ್ನನ್ನು ಬಿಡದೆ ಕೂರಿಸಿಕೊಂಡವರು ಅವರೇ. 2021ರಲ್ಲಿ ಮಾಡಬೇಕಾಗಿದ್ದ ಗಣತಿ ನಡೆಯಲೇ ಇಲ್ಲ, ಈಗ 2027ಕ್ಕೆ ಹೋಗಿದೆ. ಇಷ್ಟು ವರ್ಷಗಳಲ್ಲಿ ಎಷ್ಟು ಜನ ಬಂದರು, ಎಷ್ಟು ಜನ ಹೋದರು ಎಂಬ ಸರಿಯಾದ ಲೆಕ್ಕವಿಲ್ಲದೆಯೇ ಪೈಪು, ಚರಂಡಿ, ರಸ್ತೆ ಎಲ್ಲ ಹಾಕುತ್ತಿದ್ದಾರೆ.

ಬಂದವರು ಯಾರು ಎಂಬುದು ನನಗೆ ಶಾಲೆಯಿಂದಲೇ ಗೊತ್ತು. ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ನನ್ನ ತರಗತಿಯಲ್ಲಿದ್ದರು. ಊರಿನವರೆಲ್ಲ ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಯ ವ್ಯಾನಿಗೆ ಹತ್ತಿಸಿದ ಮೇಲೆ ನಮ್ಮ ಕನ್ನಡ ಶಾಲೆಯ ಹಾಜರಿ ಪುಸ್ತಕವನ್ನು ಉಳಿಸಿದ್ದು ಆ ಮಕ್ಕಳು. ಅವರ ಮನೆಗೆ ಹೋಗಿದ್ದೇನೆ. ಅಪ್ಪ ಅಮ್ಮ ಕಟ್ಟುತ್ತಿರುವುದು ಏಳು ಮಾಳಿಗೆಯ ಫ್ಲಾಟು, ಅವರು ಮಲಗುವುದು ಅದರ ಬದಿಯ ತಗಡಿನ ಶೆಡ್ಡಿನಲ್ಲಿ. ನಮ್ಮ ಮಳೆಗಾಲದಲ್ಲಿ ತಗಡಿನ ಕೆಳಗೆ ಓದುವ ಮಗುವಿಗೆ ಪಕ್ಕದಲ್ಲಿ ಕೂತ ಅಮ್ಮನ ಮಾತೂ ಕೇಳಿಸುವುದಿಲ್ಲ. ಮಣಿಪಾಲದ ಆಸ್ಪತ್ರೆಯ ನರ್ಸ್‌ಗಳು, ಮಲ್ಪೆಯ ಬೋಟುಗಳಲ್ಲಿ ದುಡಿಯುವ ಒಡಿಶಾದ ಹುಡುಗರು, ಅಂಗಡಿಗಳ ಸೇಲ್ಸ್ ಹುಡುಗಿಯರು, ಇವರೆಲ್ಲ ಒಂದು ಕೋಣೆಯನ್ನು ನಾಲ್ಕೈದು ಜನ ಹಂಚಿಕೊಂಡು ಇದ್ದಾರೆ. ಬೇಕಾದವರಿಗೆ ಮನೆ ಇಲ್ಲ, ಇರುವ ಮನೆಯಲ್ಲಿ ಜನ ಇಲ್ಲ. ಇದು ನನ್ನ ಮನಸ್ಸನ್ನು ಬಹಳ ಕೊರೆಯುತ್ತದೆ. ನಮ್ಮ ಗದ್ದೆಯಲ್ಲಿ ಏಳುವ ಮನೆಗಳೂ ಇವರಿಗಲ್ಲ. ದಲ್ಲಾಳಿಯೇ ನಿನ್ನ ಹತ್ತಿರ ಹೇಳಿದನಂತಲ್ಲ, ಕೊಳ್ಳುವವರೆಲ್ಲ ಹೊರಗಿರುವ ಪಾರ್ಟಿಗಳು, ಇನ್ವೆಸ್ಟ್‌ಮೆಂಟಿಗೆ ತೆಗೆದುಕೊಳ್ಳುತ್ತಾರೆ ಎಂದು.

ಇನ್ನು ನೀರಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದು.

ನಮ್ಮ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಆದರೂ ಈ ಏಪ್ರಿಲಿನಲ್ಲಿ ಮೇಲಿನ ಓಣಿಗೆ ಟ್ಯಾಂಕರ್ ಬರುತ್ತಿದೆ. ಮೇಲೆ ಇರುವುದು ಮುರಕಲ್ಲು, ಅದರ ಕೆಳಗೆ ಶೇಡಿ ಮಣ್ಣು. ಮುರಕಲ್ಲಿನ ತೂತುಗಳಲ್ಲಿ ನೀರು ಬೇಗ ಇಳಿಯುತ್ತದೆ, ಶೇಡಿಯ ಮೇಲೆ ಜಾರಿ ಅಷ್ಟೇ ಬೇಗ ತೋಡಿಗೆ ಹೋಗುತ್ತದೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ. ಘಟ್ಟದಿಂದ ಕಡಲಿಗೆ ಇರುವ ದೂರವೇ ಅಷ್ಟು ಕಡಿಮೆ. ಆ ಓಟವನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸುವುದು ಬೈಲು. ಜೂನಿನಿಂದ ಅಕ್ಟೋಬರಿನವರೆಗೆ ಹುಣಿಯ, ಅಂದರೆ ಗದ್ದೆಯ ಬದುವಿನ, ಒಳಗೆ ನಿಂತ ನೀರು ನಿಧಾನವಾಗಿ ಇಂಗಿ ಸುತ್ತಲಿನ ಬಾವಿಗಳಿಗೆ ಇಳಿಯುತ್ತದೆ. ಅಜ್ಜನ ಕಾಲದವರು ಎತ್ತರದ ಬೆಟ್ಟುಗದ್ದೆಯಲ್ಲಿ ಒಂದು ಬೆಳೆ, ನಡುವಿನ ಮಜಲಿನಲ್ಲಿ ಎರಡು, ತಗ್ಗಿನ ಬೈಲಿನಲ್ಲಿ ಮೂರು ತೆಗೆಯುತ್ತಿದ್ದರು. ಏಣೇಲು, ಸುಗ್ಗಿ, ಕೊಳಕೆ. ಮಾರ್ಚಿನಲ್ಲಿಯೂ ಅಲ್ಲಿ ಪಸೆ ಇರುತ್ತಿದ್ದದ್ದರಿಂದಲೇ ಕೊಳಕೆ ಸಾಧ್ಯವಾಗುತ್ತಿತ್ತು. ಮನೆಯನ್ನು ಮಾತ್ರ ಯಾರೂ ಬೈಲಿನಲ್ಲಿ ಕಟ್ಟಲಿಲ್ಲ. ಎಲ್ಲ ಹಳೆಯ ಮನೆಗಳೂ ಗದ್ದೆ ಮುಗಿದು ಗುಡ್ಡ ಏಳುವ ಅಂಚಿನಲ್ಲಿವೆ, ನಮ್ಮದೂ ಸೇರಿ.

ಒಂದು ಲೆಕ್ಕ ಹಾಕಿದೆ. ನಮ್ಮ ಒಂದೂಕಾಲು ಎಕರೆಯಲ್ಲಿ ಒಂದು ಗೇಣು, ಅಂದರೆ 20 ಸೆಂಟಿಮೀಟರ್ ನೀರು ನಿಂತರೆ ಅದು 10 ಲಕ್ಷ ಲೀಟರ್. ಒಂದು ಸಲ ತುಂಬಿದರೆ ಇಷ್ಟು. ಮಳೆಗಾಲದಲ್ಲಿ ಎಷ್ಟು ಸಲ ತುಂಬಿ, ಇಂಗಿ, ಮತ್ತೆ ತುಂಬುತ್ತದೆ ಎಂದು ನೀನೇ ಯೋಚಿಸು. ಅಮ್ಮ ಈಗಲೂ ಮೇ ತಿಂಗಳಲ್ಲಿ ಕೊಡಪಾನ ಇಳಿಸುವ ಬಾವಿಗೆ ನೀರು ಬರುವುದು ಅಲ್ಲಿಂದ. ಮೇಲಿನ ಓಣಿಯಲ್ಲಿ, ಎದುರಿನ ಮಜಲುಗದ್ದೆಯನ್ನು ತುಂಬಿಸಿ ಮನೆಗಳಾದ ಮೇಲೆ, ಹಳೆಯ ಬಾವಿಗಳು ಮಾರ್ಚಿಗೇ ತಳ ಕಾಣುತ್ತಿವೆ. ಟ್ಯಾಂಕರ್ ಬರುವುದು ಅವರಿಗೆ.

ಪೈಪಿನ ನೀರು ಉಂಟಲ್ಲ ಎಂದು ನೀನು ಕೇಳಬಹುದು. ಉಡುಪಿಗೆ ನೀರು ಬರುವುದು ಸ್ವರ್ಣಾ ಹೊಳೆಯ ಬಜೆ ಅಣೆಕಟ್ಟಿನಿಂದ. 2019ರ ಮೇ ತಿಂಗಳು ನೆನಪು ಮಾಡಿಕೊ. ಮಳೆ ತಡವಾಯಿತು, ಬಜೆಯಲ್ಲಿ ನೀರು ಮುಗಿಯಿತು, ಹೊಳೆಯ ತಳದ ಹೊಂಡಗಳಿಂದ ಪಂಪು ಇಟ್ಟು ಎತ್ತಿದರು. ವಾರ್ಡಿಗೆ ಇಷ್ಟು ದಿನಕ್ಕೊಮ್ಮೆ ಎಂದು ಸರದಿ ಹಾಕಿದರು. ಹಾಸ್ಟೆಲುಗಳು ಮಕ್ಕಳನ್ನು ಊರಿಗೆ ಕಳಿಸುವ ಯೋಚನೆ ಮಾಡಿದವು. 2023ರಲ್ಲಿ ಮತ್ತೆ ಅದೇ ಪಾಡು. ಈಗ ವಾರಾಹಿಯ ನೀರನ್ನು ದೂರದಿಂದ ಪೈಪಿನಲ್ಲಿ ತರುವ ಯೋಜನೆ ಹಾಕಿಕೊಂಡಿದ್ದಾರೆ, ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ಜಲಸಿರಿ ಕೆಲಸವೂ ನಡೆದಿದೆ. ಬರಲಿ, ಸಂತೋಷ. 2011ರ 1,44,960 ಜನರನ್ನೇ ಹಿಡಿದು, ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದರೂ ಉಡುಪಿ ನಗರಕ್ಕೆ ದಿನವೂ ಸುಮಾರು 2 ಕೋಟಿ ಲೀಟರ್ ಬೇಕು. ವಿದ್ಯಾರ್ಥಿಗಳು, ಕೃಷ್ಣಮಠಕ್ಕೆ ಬರುವ ಯಾತ್ರಿಕರು ಬೇರೆ. ಇಷ್ಟು ನೀರಿಗೆ ಹೊಳೆಗಳನ್ನೇ ನಂಬಿ, ಕಾಲ ಕೆಳಗಿನ ನೀರನ್ನು ಮುಚ್ಚಿಹಾಕುವುದು ಹೇಗೆ ಸರಿಯಾದೀತು? ಹೊಳೆಯ ಈ ತುದಿಯಲ್ಲಿರುವ ನಮಗೆ ಇನ್ನೂ ಒಂದು ಕಷ್ಟ ಉಂಟು. ಬೇಸಗೆಯಲ್ಲಿ ಸಿಹಿನೀರಿನ ಒತ್ತಡ ಕಡಿಮೆಯಾದಂತೆ ಭರತದ ಉಪ್ಪುನೀರು ಸ್ವರ್ಣೆಯಲ್ಲಿ ಮೇಲೆ ಮೇಲೆ ಏರುತ್ತದೆ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ತಡವಾದರೆ ಹೊಳೆಬದಿಯ ಬಾವಿಗಳು ಉಪ್ಪಾಗುತ್ತವೆ. ಬೈಲಿನಲ್ಲಿ ಇಂಗಿದ ನೀರು ಕಡಿಮೆಯಾದಷ್ಟೂ ಆ ಉಪ್ಪು ನಮ್ಮ ಅಂಗಳಕ್ಕೆ ಹತ್ತಿರ.

2020ರ ಸೆಪ್ಟೆಂಬರ್ 20ರ ಭಾನುವಾರ ನೀನು ಅಲ್ಲಿ ಕೂತು ವೀಡಿಯೋ ನೋಡಿದ್ದೆ. ಒಂದೇ ರಾತ್ರಿ, ಒಂದು ಹಗಲಿನಲ್ಲಿ 300 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ಸ್ವರ್ಣಾ ಉಕ್ಕಿತು, ಪೇಟೆಯೊಳಗಿನ ಇಂದ್ರಾಣಿ ಹೊಳೆಯೂ ಉಕ್ಕಿತು. ಕಲ್ಸಂಕ, ಬೈಲಕೆರೆ, ಗುಂಡಿಬೈಲು ಮುಳುಗಿದವು, ಮಠದ ಪಾರ್ಕಿಂಗ್ ಜಾಗ ಕೆರೆಯಾಯಿತು, ದೋಣಿಯಲ್ಲಿ ಜನರನ್ನು ಕರೆತಂದರು. ನೀರು ನುಗ್ಗಿದ ಎಷ್ಟೋ ಜಾಗಗಳ ಹೆಸರುಗಳಲ್ಲೇ ಬೈಲು, ಕೆರೆ ಉಂಟು ನೋಡು. ಅಂದು ನಮ್ಮ ಗದ್ದೆಯಲ್ಲಿ ಪೈರು ಮುಳುಗಿ ಎರಡು ದಿನ ಎಲ್ಲವೂ ನೀರೇ ನೀರು. ಮೂರನೆಯ ದಿನ ನೀರು ಇಳಿಯಿತು, ಪೈರು ಮತ್ತೆ ತಲೆ ಎತ್ತಿತು. ಆ ನೀರು ಗದ್ದೆಯಲ್ಲಿ ನಿಲ್ಲದೆ ಇರುತ್ತಿದ್ದರೆ ಕೆಳಗಿನ ನಾಲ್ಕು ಮನೆಗಳ ಅಡುಗೆಮನೆಯಲ್ಲಿ ನಿಲ್ಲುತ್ತಿತ್ತು. ಆ ಮನೆಗಳಲ್ಲಿರುವವರು ಹೊಲಿಗೆಯವರು, ರಿಕ್ಷಾದವರು, ಮೀನಿನ ಬುಟ್ಟಿ ಹೊತ್ತು ನಮ್ಮ ಮನೆಗೆ ಬಂಗುಡೆ ಕೊಡುತ್ತಿದ್ದ ಅಕ್ಕ. ನಾವು ಐದು ಅಡಿ ಮಣ್ಣು ತುಂಬಿಸಿದರೆ ಮುಂದಿನ ನೆರೆ ಅವರದು. ಹಣ ನಮ್ಮ ಖಾತೆಗೆ ಬಂದಿರುತ್ತದೆ, ನಾನು ಅದೇ ಓಣಿಯಲ್ಲಿ ನಡೆದು ಹೋಗಬೇಕಾಗುತ್ತದೆ.

ಆ ಮಣ್ಣು ಎಲ್ಲಿಂದ ಬರುತ್ತದೆ ಎಂಬುದನ್ನೂ ಕೇಳು. ಗುಡ್ಡ ತರಿದ ಮಣ್ಣು. ಮೇಲೆ ಜೆಸಿಬಿ ಗುಡ್ಡವನ್ನು ಗೋಡೆಯ ಹಾಗೆ ನೇರ ಕಡಿಯುತ್ತದೆ, ಟಿಪ್ಪರ್ ಅದನ್ನು ತಂದು ಕೆಳಗೆ ಗದ್ದೆಗೆ ಸುರಿಯುತ್ತದೆ. ಆಷಾಢದಲ್ಲಿ ಆ ಕಡಿದ ಗುಡ್ಡ ಜರಿಯುತ್ತದೆ, ಹಿಂದಿನ ಮನೆಯ ಮೇಲೆ.

ಸೈಟು ಐದು ಸೆಂಟ್ಸ್ ಅಂದರೆ ಎಷ್ಟು ಎಂದು ಅಳತೆ ಹಾಕಿದ್ದೀಯಾ? ಚೌಕಾಕಾರದ ಐದು ಸೆಂಟ್ಸಿನ ಒಂದು ಬದಿ 14 ಮೀಟರ್ ಚಿಲ್ಲರೆ. ನಮ್ಮ ಓಣಿಯವರೆಗೆ ಒಳಚರಂಡಿಯ ಪೈಪು ಬಂದಿಲ್ಲ, ಸದ್ಯಕ್ಕೆ ಬರುವ ಲಕ್ಷಣವೂ ಇಲ್ಲ. ಹಾಗಾಗಿ ಪ್ರತಿ ಸೈಟಿಗೂ ಒಂದು ಇಂಗುಗುಂಡಿ. ಬಾವಿಗೂ ಇಂಗುಗುಂಡಿಗೂ ನಡುವೆ 15 ಮೀಟರಾದರೂ ಅಂತರವಿರಬೇಕು ಎಂದು ನಾವು ಮಕ್ಕಳಿಗೆ ಪಾಠ ಮಾಡಿದ್ದೇವೆ. ಆ ಸೈಟಿನಲ್ಲಿ ಅಷ್ಟು ಅಂತರ ಬಿಡುವುದು ಬಲು ಕಷ್ಟ. ಒಬ್ಬರ ಗುಂಡಿಯ ಪಕ್ಕದಲ್ಲಿ ಇನ್ನೊಬ್ಬರ ಬಾವಿ ಬರುತ್ತದೆ. ಮೇಲಾಗಿ ಅದು ಬೈಲು, ಮಳೆಗಾಲದಲ್ಲಿ ಒಂದು ಮೊಳ ಅಗೆದರೆ ನೀರು. ಗುಂಡಿಯ ನೀರು ಇಂಗುವುದೆಲ್ಲಿಗೆ? ತೋಡಿಗೆ, ನಮ್ಮ ಬಾವಿಗೆ.

ಇಂದ್ರಾಣಿಗೆ ಆದದ್ದು ಹಾಗೆಯೇ. ಇಂದ್ರಾಳಿಯ ಹತ್ತಿರ ತೀರ್ಥವೆಂದು ಜನ ಮೀಯುವ ನೀರು ಪೇಟೆಯ ಒಳಗೆ ಹಾದು, ಕಲ್ಸಂಕ ದಾಟಿ, ಕೊಡವೂರು ಕಲ್ಮಾಡಿಯ ಕಡೆ ಹೋಗುವಷ್ಟರಲ್ಲಿ ಕಪ್ಪಗಾಗುತ್ತದೆ. ಆ ಕಡೆಯ ಬಾವಿಗಳು ಹಾಳಾಗಿ ಜನ ವರ್ಷಗಟ್ಟಲೆ ಗೋಳಾಡುತ್ತಿದ್ದಾರೆ. ಇದೇ ಉಡುಪಿ ಪುರಸಭೆ, ವಿ.ಎಸ್. ಆಚಾರ್ಯರು ಅಧ್ಯಕ್ಷರಾಗಿದ್ದ ಕಾಲದಲ್ಲಿ, ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ನಿಲ್ಲಿಸಿ ಇಡೀ ದೇಶಕ್ಕೆ ದಾರಿ ತೋರಿಸಿತ್ತು. ಅಪ್ಪ ಅದನ್ನು ಎಷ್ಟು ಅಭಿಮಾನದಿಂದ ಹೇಳುತ್ತಿದ್ದರು! ಒಬ್ಬ ಮನುಷ್ಯನ ತಲೆಯ ಭಾರ ಇಳಿಸಿದ ಊರು, ಅದೇ ಕೊಳೆಯನ್ನು ಈಗ ಇನ್ನೊಬ್ಬ ಬಡವನ ಬಾವಿಗೆ ಬಿಡುತ್ತಿದೆ ಎಂದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ರಸ್ತೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಇಂದ್ರಾಳಿಯ ರೈಲ್ವೆ ಸೇತುವೆ ವರ್ಷಗಟ್ಟಲೆ ಅರ್ಧಕ್ಕೆ ನಿಂತಿದ್ದದ್ದು, ಸಂತೆಕಟ್ಟೆಯ ಅಂಡರ್‌ಪಾಸಿಗೆಂದು ಅಗೆದ ಹೊಂಡದ ಬದಿಯಲ್ಲಿ ಆಂಬುಲೆನ್ಸುಗಳು ಸಿಕ್ಕಿಬಿದ್ದದ್ದು ನೀನೂ ರಜೆಯಲ್ಲಿ ಕಂಡಿದ್ದೀಯ. ಹೊಸ ಲೇಔಟುಗಳಿಗೆ ಬಸ್ಸಿಲ್ಲ. ನಮ್ಮ ಜಿಲ್ಲೆಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳಾದ್ದರಿಂದ ಶಕ್ತಿ ಯೋಜನೆಯ ಪುಕ್ಕಟೆ ಪ್ರಯಾಣ ಕೂಡ ಇಲ್ಲಿಯ ಹೆಂಗಸರಿಗೆ ಅಷ್ಟಾಗಿ ದಕ್ಕಲಿಲ್ಲ. ಹಾಗಾಗಿ ಮನೆಗೆ ಎರಡೆರಡು ಸ್ಕೂಟರ್, ಒಂದು ಕಾರು. ಕೃಷ್ಣಮಠದ ಪರ್ಯಾಯೋತ್ಸವಕ್ಕೆ ಮೊದಲು ಪೇಟೆಯ ರಸ್ತೆಗೆ ಡಾಂಬರು ಬೀಳುತ್ತದೆ. ನಮ್ಮಂಥ ಅಂಚಿನ ಊರುಗಳ ಸರದಿ ಯಾವಾಗ ಬರುತ್ತದೋ.

ಗದ್ದೆಯಿಂದ ಏನು ಬರುತ್ತದೆ ಅಕ್ಕ ಎಂದು ನೀನು ಕೇಳಿದ್ದರಲ್ಲಿ ಸತ್ಯ ಉಂಟು. ಏನೂ ಬರುವುದಿಲ್ಲ. ಆಳುಗಳಿಲ್ಲ, ಘಟ್ಟದ ಮೇಲಿನಿಂದ ಬರುವ ಕಟಾವಿನ ಯಂತ್ರಕ್ಕೆ ಕಾಯಬೇಕು, ಅದು ಬರುವಷ್ಟರಲ್ಲಿ ಮಳೆ ಬಂದರೆ ಪೈರು ಮಲಗುತ್ತದೆ. ನವಿಲು, ಹಂದಿಯ ಕಾಟ ಬೇರೆ. 1974ರ ಭೂಸುಧಾರಣೆಯಲ್ಲಿ ಅಜ್ಜ ಡಿಕ್ಲರೇಶನ್ ಕೊಟ್ಟು, ಟ್ರಿಬ್ಯೂನಲ್ಲಿಗೆ ಅಲೆದು ಪಡೆದ ಭೂಮಿ ಅದು. ಗೇಣಿಯ ಅಕ್ಕಿ ಹೊತ್ತು ಧಣಿಗಳ ಅಂಗಳದಲ್ಲಿ ನಿಂತ ಕಾಲ ಅವರಿಗೆ ನೆನಪಿತ್ತು. ಅಂಥ ಭೂಮಿ ಎಂಬ ಭಾವನೆಯೊಂದನ್ನೇ ಇಟ್ಟುಕೊಂಡು ನಿನ್ನನ್ನು ಕಟ್ಟಿಹಾಕುವುದು ನ್ಯಾಯವಲ್ಲ. ಮಕ್ಕಳ ಓದಿದೆ, ಅಲ್ಲಿಯ ಕೆಲಸ ಎಷ್ಟು ದಿನವೋ ಎಂಬ ಹೆದರಿಕೆ ನಿನಗಿದೆ. ಅದು ನನಗೆ ಅರ್ಥವಾಗುತ್ತದೆ.

ಕಾನೂನಿನ ಪ್ರಕಾರ ನಮ್ಮನ್ನು ತಡೆಯುವವರು ಯಾರೂ ಇಲ್ಲ. ಪಕ್ಕದ ಕೇರಳದಲ್ಲಿ ಭತ್ತದ ಗದ್ದೆ ತುಂಬಿಸದಂತೆ 2008ರಲ್ಲೇ ಕಾಯ್ದೆ ಮಾಡಿದ್ದಾರೆ, ನಮ್ಮಲ್ಲಿ ಅದಕ್ಕೆಂದೇ ಒಂದು ಕಾಯ್ದೆ ಇಲ್ಲ. 2020ರ ತಿದ್ದುಪಡಿಯ ನಂತರ ಕೃಷಿ ಮಾಡದವರೂ ಕೃಷಿಭೂಮಿ ಕೊಳ್ಳಬಹುದು. ಕನ್ವರ್ಷನ್ ಮಾಡಿಸಿ, ಪ್ರಾಧಿಕಾರದಿಂದ ಲೇಔಟ್ ಮಂಜೂರು ಮಾಡಿಸಿಕೊಂಡರೆ ಎಲ್ಲ ಸರಿಯಾದ ಕಾಗದಗಳೇ. ತಡೆಯುವುದಾದರೆ ನಾವೇ ತಡೆಯಬೇಕು, ನೀನೂ ನಾನೂ.

ಹಾಗಾಗಿ ನಾನು ಯೋಚಿಸಿದ್ದನ್ನು ಹೇಳುತ್ತೇನೆ. ಮನೆಯ ಹಿಂದೆ ಬೆಟ್ಟಿನಲ್ಲಿ ನಮಗೆ ಮೂವತ್ತು ಸೆಂಟ್ಸ್ ಉಂಟಲ್ಲ, ಹಟ್ಟಿ ಇದ್ದ ಜಾಗ, ಗೇರುಮರಗಳಿರುವ ಕಡೆ. ಅದು ಗಟ್ಟಿ ಮುರಕಲ್ಲಿನ ನೆಲ. ಅಲ್ಲಿ ಗುಡ್ಡ ಕಡಿಯದೆ, ಈಗಿರುವ ಮಟ್ಟದಲ್ಲೇ, ಸಣ್ಣ ಸಣ್ಣ ಬಾಡಿಗೆ ಮನೆಗಳನ್ನು ಕಟ್ಟೋಣ. ನಾಲ್ಕು ಮನೆ ಸಾಕು. ಮಾಡಿನ ನೀರೆಲ್ಲ ಬಾವಿಗೆ ಇಳಿಯುವ ಹಾಗೆ ದಂಬೆ, ಕೊಳಕು ನೀರಿಗೆ ಎಲ್ಲ ಮನೆಗಳಿಗೂ ಸೇರಿ ಒಂದೇ ದೊಡ್ಡ ಸೆಪ್ಟಿಕ್ ಟ್ಯಾಂಕ್, ಬಾವಿಯಿಂದ ಆದಷ್ಟು ದೂರದಲ್ಲಿ, ಇಳಿಜಾರಿನ ಆಚೆ ಬದಿಗೆ. ಸಂತೆಕಟ್ಟೆಯ ಬಸ್‌ಸ್ಟಾಪು ಅಲ್ಲಿಂದ ನಡೆಯುವಷ್ಟು ಹತ್ತಿರ. ಆಸ್ಪತ್ರೆಯ ಹುಡುಗಿಯರು, ಕೆಲಸದ ಕುಟುಂಬಗಳು ಕೇಳಿಕೊಂಡು ಬರುತ್ತಾರೆ, ಈಗಲೇ ಬರುತ್ತಿದ್ದಾರೆ. ನನ್ನ ಪೆನ್ಷನ್ನಿನ ಗಂಟಿನಿಂದ ಅರ್ಧ ಹಾಕುತ್ತೇನೆ, ಉಳಿದದ್ದಕ್ಕೆ ಸೊಸೈಟಿಯಲ್ಲಿ ಸಾಲ ತೆಗೆಯೋಣ. ಸಾಲ ತೀರುವವರೆಗೆ ಬಾಡಿಗೆಯಿಂದ ಕಂತು ಹೋಗುತ್ತದೆ, ಆಮೇಲೆ ಅದು ಪೂರ್ತಿ ನಿನ್ನದು. ದಲ್ಲಾಳಿ ಹೇಳಿದ ಮೊತ್ತಕ್ಕೆ ಇದು ಸಮನಾಗದು. ಒಂದೇ ಸಲ ಕೈಗೆ ಬರುವ ಹಣಕ್ಕೂ ತಿಂಗಳು ತಿಂಗಳು ಬರುವ ಹಣಕ್ಕೂ ವ್ಯತ್ಯಾಸ ಉಂಟು, ನೀನು ಊರಿಗೆ ಮರಳಿದ ಮೇಲೆ ಬೇಕಾಗುವುದು ಎರಡನೆಯದು.

ಗದ್ದೆಯ ಮಟ್ಟಿಗೆ, ಅದನ್ನು ಹಡಿಲು ಬಿಡುವುದು ಬೇಡ. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿಯ ಆಂದೋಲನ ಆದಾಗ ಹುಲ್ಲು ಬೆಳೆದ ಎಷ್ಟೋ ಗದ್ದೆಗಳಲ್ಲಿ ಮತ್ತೆ ನೇಜಿ ನೆಟ್ಟರು, ಕೇದಾರ ಕಜೆ ಎಂದು ಕುಚ್ಚಲಕ್ಕಿ ಮಾಡಿ ಮಾರಿದರು. ನಮ್ಮ ಓಣಿಯ ಸ್ವಸಹಾಯ ಸಂಘದ ಹೆಂಗಸರು ನಮ್ಮ ಬೈಲನ್ನು ಕೇಳಿದ್ದಾರೆ. ಏಣೇಲಿಗೆ ಭತ್ತ, ಆಮೇಲೆ ಉದ್ದು, ತರಕಾರಿ. ನಮಗೆ ವರ್ಷಕ್ಕೆ ಊಟದ ಅಕ್ಕಿ ಕೊಟ್ಟರೆ ಸಾಕು ಎಂದಿದ್ದೇನೆ. ಹುಣಿ ಕಟ್ಟಿ ನೀರು ನಿಲ್ಲಿಸುವುದು, ತೋಡಿನ ಹೂಳು ತೆಗೆಯುವುದು ಅವರ ಜವಾಬ್ದಾರಿ. ಆ ಖರ್ಚಿಗೆ ಪಂಚಾಯತಿನಲ್ಲಿ ಉದ್ಯೋಗ ಖಾತರಿಯಿಂದ ಆಗುತ್ತದೋ ಎಂದು ಕೇಳಲು ನಾನೇ ಹೋಗುತ್ತೇನೆ. ಮುಂದಿನ ಗ್ರಾಮಸಭೆಯಲ್ಲಿ ಇನ್ನೊಂದು ಮಾತನ್ನೂ ಎತ್ತಬೇಕೆಂದಿದ್ದೇನೆ: ನಮ್ಮ ಊರಿನ ತೋಡುಗಳೆಲ್ಲವನ್ನೂ ಅಳೆದು ಒಂದು ನಕ್ಷೆ ಮಾಡಿ ಪಂಚಾಯತಿನ ಗೋಡೆಗೆ ಹಾಕಬೇಕು, ಲೇಔಟ್ ಕೇಳಿ ಬರುವವರಿಗೆ ಮೊದಲು ಅದನ್ನು ತೋರಿಸಬೇಕು. ಕೆಳಗಿನ ಮನೆಗಳವರು ನನ್ನ ಜೊತೆ ಬರುತ್ತೇವೆ ಎಂದಿದ್ದಾರೆ.

ಅಮ್ಮನಿಗೆ ಇದೆಲ್ಲ ಹೇಳಿದ್ದೇನೆ. "ಅವನಿಗೆ ಕಷ್ಟವಾಗದ ಹಾಗೆ ನೋಡು" ಎಂದರು. ಅದೇ ನನ್ನ ಮನಸ್ಸಿನಲ್ಲೂ ಇರುವುದು. ನಿನಗೆ ತುರ್ತಾಗಿ ಹಣ ಬೇಕಾಗಿದ್ದರೆ ಮುಚ್ಚಿಡಬೇಡ, ಎಷ್ಟು ಬೇಕು, ಯಾವುದಕ್ಕೆ ಎಂದು ಅಕ್ಕನಿಗೆ ಬರೆ. ದಾರಿ ಹುಡುಕೋಣ. ನನ್ನ ಬಂಗಾರ ಬ್ಯಾಂಕಿನ ಲಾಕರಿನಲ್ಲಿ ಸುಮ್ಮನೆ ಇದೆ.

ಮಕ್ಕಳಿಗೆ ರಜೆ ಜುಲೈಯಲ್ಲಿ ತಾನೆ? ಟಿಕೆಟು ಈಗಲೇ ಮಾಡು. ನಾವಿಬ್ಬರೂ ಒಟ್ಟಿಗೆ ಗದ್ದೆಯ ಹುಣಿಯ ಮೇಲೆ ಒಂದು ಸುತ್ತು ನಡೆದು, ಬೆಟ್ಟಿನ ಜಾಗವನ್ನೂ ಟೇಪು ಹಿಡಿದು ಅಳೆದು, ಆಮೇಲೆ ತೀರ್ಮಾನಿಸೋಣ. ದಲ್ಲಾಳಿ ಈ ವಾರ ಟೋಕನ್ ಅಡ್ವಾನ್ಸ್ ಹಾಕುತ್ತೇನೆ ಎಂದು ಒತ್ತಾಯಿಸಬಹುದು. ದಯವಿಟ್ಟು ತೆಗೆದುಕೊಳ್ಳಬೇಡ. ಅಕ್ಕ ಇನ್ನೂ ಒಪ್ಪಿಲ್ಲ ಎಂದು ನನ್ನ ಹೆಸರನ್ನೇ ಹೇಳು.

ಮಕ್ಕಳಿಗೆ ನನ್ನ ಮುತ್ತುಗಳು.

ಇತಿ ನಿನ್ನ
ಅಕ್ಕ